ಗಟ್ಟಿ ಬುಶ್ ಅಂದರೆ ಒಳ್ಳೆ ಬುಶ್ ಅಲ್ಲ: ಸಿಮೆಂಟ್ ಸೀಮೆಯ ರಸ್ತೆಯಲ್ಲಿ ದಿನಾ ಓಡುವ ಕಾರಿನ ಲೆಕ್ಕ

ಹೋದ ಬೇಸಿಗೆಯಲ್ಲಿ ನಮ್ಮವ್ವ ನನ್ನ ಕಾರು ಹತ್ತೋದನ್ನೇ ಬಿಟ್ಟಳು. ಅವಳಿಗೆ ಸೊಂಟದ ನೋವು. ಚಿಮ್ಮನಚೋಡದಿಂದ ಕಲಬುರಗಿ ದವಾಖಾನೆಗೆ ತಿಂಗಳಿಗೊಮ್ಮೆ ಕರ್ಕೊಂಡು ಹೋಗಬೇಕು. ಹೊಸ ಬುಶ್, ಹೊಸ ಇಂಜಿನ್ ಮೌಂಟಿಂಗ್ ಹಾಕಿಸಿಕೊಂಡು ಬಂದ ಮಾರನೇ ದಿನವೇ ಹೊರಟಿದ್ದೆವು. ಊರ ಹೊರಗಿನ ಎರಡನೇ ಬ್ರೇಕರ್ ದಾಟಿದ್ದಷ್ಟೇ. "ಏ ತಮ್ಮಾ, ಗಾಡಿ ನಿಂದ್ರಸು. ಇದಕಿಂತ ಟಂಟಂ ಚಲೋ ಅದ. ನಾ ಬಸ್ಸಿಗೇ ಬರ್ತೀನಿ" ಅಂದಳು.

ಸಿಟ್ಟು ಬಂತು. ಯಾಕಂದ್ರೆ ಆ ಗಾಡಿಗೆ ಒಂದು ವರ್ಷದೊಳಗೆ ಅದೇ ಕೆಲಸಕ್ಕೆ ಎರಡನೇ ಸಲ ದುಡ್ಡು ಸುರಿದಿದ್ದೆ. ಮೊದಲ ಸಲ ಹಾಕಿಸಿದ ಲೋಕಲ್ ಬುಶ್ ಐದೇ ತಿಂಗಳಲ್ಲಿ ಹರಿದಿತ್ತು. ಆ ಸಿಟ್ಟಿಗೆ ಎರಡನೇ ಸಲ "ಜೀವನಪೂರ್ತಿ ಬಾಳ್ತದೆ" ಅಂತ ಹೆಸರಿದ್ದ ಗಟ್ಟಿ ಪಾಲಿಯುರೆಥೇನ್ ಬುಶ್ ಆನ್‌ಲೈನ್‌ನಲ್ಲಿ ತರಿಸಿದೆ. ಸಡಿಲಾಗಿದ್ದ ಇಂಜಿನ್ ಮೌಂಟಿಂಗ್ ಒಳಗೆ ಅಂಟಿನಂಥ ಸೀಲಂಟ್ ತುಂಬಿಸಿ ಗಟ್ಟಿ ಮಾಡಿಸಿದೆ. ಗಾಡಿ ಗಟ್ಟಿಯಾಯಿತು, ಅದರೊಳಗೆ ಕೂತವರು ಸಡಿಲಾದರು.

ಮೂರನೇ ಸಲ ಕಲಬುರಗಿಯ ಒಬ್ಬ ಹಿರಿಯ ಉಸ್ತಾದರ ಹತ್ತಿರ ಹೋದಾಗ ಗೊತ್ತಾಯಿತು, ನಾನು ಮಾಲಿನ ಮೇಲೆ ಹೊರಿಸಿದ್ದ ತಪ್ಪು ಮಾಲಿನದ್ದೇ ಆಗಿರಲಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆ ದಿನಾ ಕಾರು ಓಡಿಸುವ ಎಷ್ಟೋ ಮಂದಿ ನನ್ನ ಹಾಗೇ ದುಡ್ಡು ಕಳೀತಿದ್ದಾರೆ. ಅದಕ್ಕೇ ಈ ಬರಹ.

ರಬ್ಬರ್ ಇರೋದೇ ಬಗ್ಗೋಕೆ

ಮೊದಲು ಈ ವಸ್ತುಗಳು ಏನು ಮಾಡುತ್ತವೆ ನೋಡೋಣ. ಇಂಜಿನ್ ಮೌಂಟಿಂಗ್‌ಗೆ ನಮ್ಮ ಗ್ಯಾರೇಜುಗಳಲ್ಲಿ "ಫೌಂಡೇಶನ್" ಅಂತಲೂ ಕರೀತಾರೆ. ಎರಡು ಲೋಹದ ತುಂಡುಗಳ ನಡುವೆ ಬೆಸೆದ ರಬ್ಬರ್ ಅದು. ಅದಕ್ಕೆ ಮೂರು ಕೆಲಸ: ಇಂಜಿನ್ ಭಾರ ಹೊರಬೇಕು, ಗಿಯರ್ ಹಾಕಿ ಎಕ್ಸಲರೇಟರ್ ಒತ್ತಿದಾಗ ಇಂಜಿನ್ ಹೊರಳದಂತೆ ಹಿಡೀಬೇಕು, ಇಂಜಿನ್ನಿನ ನಡುಕ ಬಾಡಿಗೆ ಬರದಂತೆ ತಡೀಬೇಕು. ಮುಂದಿನ ಚಕ್ರಕ್ಕೆ ಶಕ್ತಿ ಹೋಗುವ ಇವತ್ತಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮೂರು ಅಥವಾ ನಾಲ್ಕು ಮೌಂಟಿಂಗ್ ಇರುತ್ತವೆ. ಒಂದು ಇಂಜಿನ್ ಕಡೆ, ಒಂದು ಗಿಯರ್‌ಬಾಕ್ಸ್ ಕಡೆ, ಇನ್ನೊಂದು ಕೆಳಗೆ ಎಲುಬಿನ ಆಕಾರದ ಟಾರ್ಕ್ ರಾಡ್.

ಇಂಜಿನ್ನನ್ನು ರಬ್ಬರ್ ಮೇಲೆ ತೇಲಿಸುವ ಯೋಚನೆ ಹಳೇದು. ಅಮೆರಿಕದ ಕ್ರೈಸ್ಲರ್ ಕಂಪನಿ 1931ರ ಪ್ಲಿಮತ್ ಕಾರಿನಲ್ಲಿ ಇದನ್ನು "ಫ್ಲೋಟಿಂಗ್ ಪವರ್" ಅಂತ ಹೆಸರಿಟ್ಟು ಜಾಹೀರಾತು ಮಾಡಿ ಮಾರಿತು. ನಾಲ್ಕು ಸಿಲಿಂಡರ್ ಇಂಜಿನ್ನಿನ ನಡುಕವನ್ನು ಅಷ್ಟು ಚೆಂದ ಅಡಗಿಸಿತ್ತು ಅದು. ಅಂದರೆ ಸುಮಾರು ನೂರು ವರ್ಷದಿಂದ ಇಂಜಿನಿಯರುಗಳು ಈ ಜಾಗದಲ್ಲಿ ಮೆತ್ತಗಿನ ವಸ್ತು ಬೇಕು ಅಂತಲೇ ಗುದ್ದಾಡುತ್ತಿದ್ದಾರೆ, ನಾವು ಮಾತ್ರ ಗಟ್ಟಿ ಮಾಡೋಕೆ ಹೋಗ್ತೀವಿ.

ಸಸ್ಪೆನ್ಷನ್ ಕಡೆ ಬಂದರೆ ಮುಖ್ಯವಾದವು ಎರಡು. ಒಂದು, ಶಾಕ್ ಅಬ್ಸಾರ್ಬರ್ ತಲೆಯ ಮೇಲೆ ಕೂರುವ ಸ್ಟ್ರಟ್ ಮೌಂಟ್. ಅದರೊಳಗೆ ಬೇರಿಂಗ್ ಇರುತ್ತದೆ, ಸ್ಟಿಯರಿಂಗ್ ತಿರುಗಿಸಿದಾಗ ಸ್ಟ್ರಟ್ ಪೂರ್ತಿ ಅದರ ಮೇಲೆ ತಿರುಗಬೇಕು. ಎರಡನೇದು, ಚಕ್ರವನ್ನು ಚಾಸಿಗೆ ಹಿಡಿದಿಡುವ ಲೋವರ್ ಆರ್ಮ್‌ನ ಬುಶ್. ಚಕ್ರ ಗುಂಡಿಗೆ ಬಿದ್ದಾಗ ಆರ್ಮ್ ಮೇಲೆ ಕೆಳಗೆ ಆಡುತ್ತದೆ, ಆಗ ಬುಶ್‌ನೊಳಗಿನ ರಬ್ಬರ್ ತಿರುಚಿಕೊಂಡು ಮತ್ತೆ ನೆಟ್ಟಗಾಗುತ್ತದೆ. ಈ ತಿರುಚಿಕೊಳ್ಳುವ ಮಾತನ್ನು ನೆನಪಿಡಿ, ನನ್ನ ಐದು ತಿಂಗಳ ಬುಶ್‌ನ ಕತೆ ಇದರಲ್ಲೇ ಇದೆ.

ಮೊದಲು ರೋಗ ಗುರುತಿಸಿ

ಗಾಡಿ ನಡುಗಿದರೆಲ್ಲ ಫೌಂಡೇಶನ್ ಹೋಗಿದೆ ಅಂತ ಅಲ್ಲ. ನಿಂತಲ್ಲೇ ಐಡಲ್‌ನಲ್ಲಿ ಸ್ಟಿಯರಿಂಗ್, ಸೀಟು ನಡುಗಿ, ಎ.ಸಿ. ಹಾಕಿದರೆ ಹೆಚ್ಚಾಗಿ, ಸ್ವಲ್ಪ ರೇಸ್ ಮಾಡಿದರೆ ಕಡಿಮೆಯಾದರೆ ಮೌಂಟಿಂಗ್ ಮೇಲೆ ಅನುಮಾನ ಪಡಿ. ಗಾಡಿ ಆಫ್ ಮಾಡಿದಾಗ "ಧಡ್" ಅಂತ ಒದ್ದಂತಾದರೆ, ಕ್ಲಚ್ ಬಿಡುವಾಗ ಕೆಳಗೆ ಬಡಿದ ಸದ್ದಾದರೆ ಅನುಮಾನ ಗಟ್ಟಿಯಾಗುತ್ತದೆ. ಆದರೆ ಇಂಜೆಕ್ಟರ್ ಅಥವಾ ಸ್ಪಾರ್ಕ್ ಪ್ಲಗ್ ಕೆಟ್ಟು ಇಂಜಿನ್ನೇ ಕುಂಟುತ್ತಿದ್ದರೂ ಹೀಗೇ ಆಗುತ್ತದೆ. ಅದನ್ನು ಮೊದಲು ನೋಡಿಸಿ.

ನಡುಕ 80ರ ವೇಗದ ಹತ್ತಿರ ಮಾತ್ರ ಬರುತ್ತಿದೆಯಾ? ಖಾಲಿ ರಸ್ತೆಯಲ್ಲಿ ಕ್ಲಚ್ ಒತ್ತಿ ಇಂಜಿನ್ನಿನ ವೇಗ ಇಳಿಯಲು ಬಿಡಿ. ಆಗಲೂ ನಡುಕ ಹಾಗೇ ಇದ್ದರೆ ಅದು ಇಂಜಿನ್ನಿನದ್ದಲ್ಲ, ಚಕ್ರದ್ದು. ಬ್ಯಾಲೆನ್ಸಿಂಗ್ ಮಾಡಿಸಿದರೆ ಕೆಲವು ನೂರು ರೂಪಾಯಿಯಲ್ಲಿ ಮುಗಿಯುವ ಕೆಲಸಕ್ಕೆ ಸಾವಿರಾರು ರೂಪಾಯಿಯ ಮೌಂಟಿಂಗ್ ಬದಲಿಸಿದವರನ್ನು ನಾನು ಕಂಡಿದ್ದೇನೆ.

ಸಸ್ಪೆನ್ಷನ್ ಸದ್ದುಗಳಿಗೂ ಬೇರೆ ಬೇರೆ ಭಾಷೆ ಇದೆ. ಸಣ್ಣ ಸಣ್ಣ ತಗ್ಗಿನಲ್ಲಿ ನಿಧಾನಕ್ಕೆ ಹೋಗುವಾಗ "ಟಕ್ ಟಕ್" ಅಂದರೆ ಬಹಳ ಸಲ ಅದು ಲಿಂಕ್ ರಾಡ್, ಎಲ್ಲಕ್ಕಿಂತ ಅಗ್ಗದ ತುಂಡು. ನಿಂತಲ್ಲೇ ಸ್ಟಿಯರಿಂಗ್ ತಿರುಗಿಸಿದಾಗ ಸ್ಪ್ರಿಂಗ್ "ಟಣ್" ಅಂತ ಜಿಗಿದರೆ, ಸ್ಟಿಯರಿಂಗ್ ತಾನಾಗಿ ನೇರಕ್ಕೆ ವಾಪಸ್ ಬರದಿದ್ದರೆ ಸ್ಟ್ರಟ್ ಮೌಂಟ್ ಬೇರಿಂಗ್ ನೋಡಿಸಿ. ಬ್ರೇಕ್ ಹಾಕಿದಾಗ ಗಾಡಿ ಒಂದು ಕಡೆ ಎಳೆದರೆ, ಟೈರಿನ ಒಳ ಅಂಚು ಬೇಗ ಸವೆದರೆ ಲೋವರ್ ಆರ್ಮ್ ಬುಶ್. ಇದೊಂದನ್ನು ಮಾತ್ರ ಮುಂದೂಡಬೇಡಿ. ಬುಶ್ ಪೂರ್ತಿ ಹರಿದರೆ ಬ್ರೇಕ್ ಒತ್ತಿದಾಗ ಚಕ್ರ ಹಿಂದಕ್ಕೆ ಸರಿಯುತ್ತದೆ, ಎದುರಿಗೆ ಸಿಮೆಂಟ್ ಬಲ್ಕರ್ ಬರುತ್ತಿದ್ದರೆ ಆ ಎರಡು ಇಂಚು ಸಣ್ಣ ಮಾತಲ್ಲ.

ಮೌಂಟಿಂಗ್ ಪರೀಕ್ಷೆ ಸುಲಭ. ಬಾನೆಟ್ ತೆಗೆದು, ಹ್ಯಾಂಡ್ ಬ್ರೇಕ್ ಎಳೆದು, ಕಾಲು ಬ್ರೇಕ್ ಮೇಲಿಟ್ಟು ಒಬ್ಬರು ಮೊದಲ ಗಿಯರ್‌ನಲ್ಲಿ, ಆಮೇಲೆ ರಿವರ್ಸ್‌ನಲ್ಲಿ ಕ್ಲಚ್ ಒಂಚೂರು ಬಿಡಲಿ. ನೀವು ಬದಿಗೆ ನಿಂತು ನೋಡಿ, ಎದುರಿಗೆ ಮಾತ್ರ ನಿಲ್ಲಬೇಡಿ. ಇಂಜಿನ್ ಸ್ವಲ್ಪ ವಾಲಿದರೆ ಸಹಜ. ಮಂಚದ ಮೇಲಿನ ಕೂಸಿನ ಹಾಗೆ ಹೊರಳಿದರೆ ರಬ್ಬರ್ ಹರಿದಿದೆ.

ನಾಲ್ಕು ಆಯ್ಕೆ, ಯಾವುದು ಯಾರಿಗೆ

ಮಾರುಕಟ್ಟೆಯಲ್ಲಿ ಸಿಗುವುದನ್ನು ನಾಲ್ಕು ಬಗೆ ಮಾಡಬಹುದು.

*ಸಾದಾ ರಬ್ಬರ್.* ಕಂಪನಿಯಿಂದ ಬಂದ ಬಹುಪಾಲು ಸಣ್ಣ ಕಾರುಗಳಲ್ಲಿ ಇರೋದು ಇದೇ. ರಬ್ಬರಿನ ಗಡಸುತನವನ್ನು "ಶೋರ್ ಎ" ಅನ್ನೋ ಅಳತೆಯಲ್ಲಿ ಹೇಳುತ್ತಾರೆ. ಕಾರಿನ ಮೌಂಟಿಂಗ್, ಬುಶ್‌ಗಳ ರಬ್ಬರ್ ಸಾಮಾನ್ಯವಾಗಿ 45ರಿಂದ 65ರ ಆಸುಪಾಸು ಇರುತ್ತದೆ.

*ಎಣ್ಣೆ ತುಂಬಿದ ಹೈಡ್ರಾಲಿಕ್ ಮೌಂಟಿಂಗ್.* ಇದರೊಳಗೆ ಎರಡು ಕೋಣೆ, ನಡುವೆ ಸಣ್ಣ ದಾರಿ, ಗ್ಲೈಕಾಲ್ ಬೆರೆತ ದ್ರವ. ಇಂಜಿನ್ನಿನ ಸಣ್ಣ ನಡುಕಕ್ಕೆ ಮೆತ್ತಗೆ ಇರುತ್ತದೆ, ಗುಂಡಿಗೆ ಬಿದ್ದು ಇಂಜಿನ್ ದೊಡ್ಡದಾಗಿ ಜಿಗಿದಾಗ ದ್ರವ ಆ ದಾರಿಯಲ್ಲಿ ನುಗ್ಗಿ ತಡೆ ಒಡ್ಡುತ್ತದೆ. ಅನೇಕ ಡೀಸೆಲ್ ಗಾಡಿಗಳ ಇಂಜಿನ್ ಕಡೆ ಇದು ಇರುತ್ತದೆ. ಬೆಲೆ ಹೆಚ್ಚು, ಸೋರಿದರೆ ಮುಗೀತು. ನಿಮ್ಮ ಗಾಡಿಗೆ ಕಂಪನಿ ಹೈಡ್ರಾಲಿಕ್ ಕೊಟ್ಟಿದ್ದರೆ ಅಲ್ಲಿ ಸಾದಾ ರಬ್ಬರ್ ಹಾಕಿ ಉಳಿಸೋಕೆ ಹೋಗಬೇಡಿ. ಮೊದಲ ದಿನವೇ ಕ್ಯಾಬಿನ್‌ನಲ್ಲಿ ಗುಂಯ್‌ಗುಡುತ್ತದೆ.

*ಪಾಲಿಯುರೆಥೇನ್.* ಕೆಂಪು, ಹಳದಿ ಬಣ್ಣದಲ್ಲಿ ಚೆಂದ ಕಾಣುವ ಗಟ್ಟಿ ಪ್ಲಾಸ್ಟಿಕ್‌ನಂಥ ಬುಶ್. ಗಡಸುತನ ಬಹಳ ಸಲ 70ರಿಂದ 95. ರೇಸ್ ಓಡಿಸುವವರಿಗೆ ಬೇಕು, ಸ್ಟಿಯರಿಂಗ್ ಚುರುಕಾಗುತ್ತದೆ. ಆದರೆ ಇದು ರಬ್ಬರಿನ ಹಾಗೆ ಒಳಗೇ ತಿರುಚಿಕೊಳ್ಳುವುದಿಲ್ಲ, ಲೋಹದ ತೋಳಿನ ಮೇಲೆ ಜಾರುತ್ತದೆ. ಜಾರಬೇಕಾದರೆ ಗ್ರೀಸ್ ಬೇಕು. ಗ್ರೀಸ್ ಇದ್ದಲ್ಲಿ ಧೂಳು ಅಂಟುತ್ತದೆ. ಮಳಖೇಡ, ವಾಡಿ ಸುತ್ತಿನ ಸುಣ್ಣದ ಕಲ್ಲಿನ ಹಿಟ್ಟಿನಂಥ ಧೂಳು ಅದರೊಳಗೆ ಹೊಕ್ಕರೆ ಮರಳು ಕಾಗದ ಇಟ್ಟಂತೆ. ನನ್ನ ಗಾಡಿ ಎರಡೇ ತಿಂಗಳಿಗೆ ಹಳೇ ಬಾಗಿಲಿನ ಹಾಗೆ ಕಿರುಗುಡುತ್ತಿತ್ತು.

*ತುಂಬಿಸಿದ ಮೌಂಟಿಂಗ್.* ಹಳೇದರ ಸಂದಿಗೆ ಸೀಲಂಟ್ ತುಂಬೋದು, ಟೈರ್ ತುಂಡು ತುರುಕೋದು. ಇದು ರಿಪೇರಿ ಅಲ್ಲ, ಮುಂದೂಡಿಕೆ. ಊರು ಮುಟ್ಟೋ ತನಕ ಸರಿ.

ಗಟ್ಟಿಯಾದರೆ ಯಾಕೆ ನಡುಕ ಹೆಚ್ಚಾಗುತ್ತದೆ? ಲೆಕ್ಕ ಸರಳ. ನಾಲ್ಕು ಸಿಲಿಂಡರ್ ಇಂಜಿನ್ ಐಡಲ್‌ನಲ್ಲಿ ನಿಮಿಷಕ್ಕೆ 800 ಸುತ್ತು ತಿರುಗಿದರೆ ಸೆಕೆಂಡಿಗೆ ಸುಮಾರು 27 ಸಲ ಒದೆಯುತ್ತದೆ. ಮೂರು ಸಿಲಿಂಡರ್ ಆದರೆ 20 ಸಲ. ಮೆತ್ತಗಿನ ರಬ್ಬರ್ ಮೇಲೆ ಕೂತ ಇಂಜಿನ್ನಿಗೆ ತನ್ನದೇ ಒಂದು ತೂಗಾಟದ ವೇಗ ಇರುತ್ತದೆ. ಒದೆತದ ವೇಗ ಆ ತೂಗಾಟಕ್ಕಿಂತ ಸಾಕಷ್ಟು ಹೆಚ್ಚಿದ್ದರೆ ಮಾತ್ರ ನಡುಕ ಬಾಡಿಗೆ ದಾಟುವುದಿಲ್ಲ. ರಬ್ಬರ್ ಗಟ್ಟಿ ಮಾಡಿದಷ್ಟೂ ತೂಗಾಟದ ವೇಗ ಏರಿ ಒದೆತದ ವೇಗದ ಹತ್ತಿರ ಬರುತ್ತದೆ. ಎರಡೂ ಹತ್ತಿರವಾದರೆ ನಡುಕ ಅಡಗೋದು ಬಿಟ್ಟು ಹಿಗ್ಗುತ್ತದೆ. ಅದಕ್ಕೇ ಮೂರು ಸಿಲಿಂಡರ್ ಗಾಡಿಯವರು ಗಟ್ಟಿ ಮೌಂಟಿಂಗ್‌ನಿಂದ ಇನ್ನೂ ದೂರ ಇರಬೇಕು.

ದಿನಾ ಓಡುವ ಕಾರಿಗೆ ಉತ್ತರ ಒಂದೇ: ಕಂಪನಿ ಯಾವ ಬಗೆ ಕೊಟ್ಟಿತ್ತೋ ಅದೇ ಬಗೆ, ಅದೇ ಗಡಸುತನ.

ನಮ್ಮ ಬಿಸಿಲು, ನಮ್ಮ ಬ್ರೇಕರ್

ಕಲಬುರಗಿ ಸೀಮೆಯಲ್ಲಿ ಏಪ್ರಿಲ್, ಮೇ ಅಂದರೆ 42, 43 ಡಿಗ್ರಿ ಹೊಸದಲ್ಲ. ಬಾನೆಟ್ ಒಳಗೆ ಅದಕ್ಕಿಂತ ಎಷ್ಟೋ ಹೆಚ್ಚು. ರಬ್ಬರಿನ ವಿಷಯದಲ್ಲಿ ಇಂಜಿನಿಯರುಗಳು ಬಳಸುವ ಒಂದು ಅಂದಾಜು ಲೆಕ್ಕ ಇದೆ: ಬಿಸಿ 10 ಡಿಗ್ರಿ ಏರಿದರೆ ಮುಪ್ಪಾಗುವ ವೇಗ ಹೆಚ್ಚುಕಡಿಮೆ ಎರಡು ಪಟ್ಟು. ತಂಪು ಊರಿನಲ್ಲಿರುವ ಗೆಳೆಯನ ಗಾಡಿಯ ಮೌಂಟಿಂಗ್ ಇಷ್ಟು ವರ್ಷ ಬಾಳಿತು ಅಂತ ನಾವು ಅದೇ ಲೆಕ್ಕ ಹಿಡಿಯೋಕಾಗಲ್ಲ. ಒಂದು ಲಕ್ಷ ಕಿ.ಮೀ. ಆಗೋದನ್ನು ಕಾಯದೆ ಪ್ರತಿ ಬೇಸಿಗೆ ಮುಗಿದ ಮೇಲೆ ಒಮ್ಮೆ ಕೆಳಗಿಂದ ನೋಡಿಸೋದು ಒಳ್ಳೇದು.

ಬಿಸಿಲಿಗಿಂತ ಕೆಟ್ಟದ್ದು ಎಣ್ಣೆ. ನೈಸರ್ಗಿಕ ರಬ್ಬರಿಗೆ ಇಂಜಿನ್ ಆಯಿಲ್ ತಾಗಿದರೆ ಉಬ್ಬಿ, ಮೆತ್ತಗಾಗಿ, ಕೊನೆಗೆ ಕಿತ್ತು ಬರುತ್ತದೆ. ಟ್ಯಾಪೆಟ್ ಕವರ್‌ನಿಂದ ಆಯಿಲ್ ಜಿನುಗಿ ಕೆಳಗಿನ ಮೌಂಟಿಂಗ್ ಮೇಲೆ ಬೀಳುತ್ತಿದ್ದರೆ ಮೊದಲು ಆ ಪ್ಯಾಕಿಂಗ್ ಬದಲಿಸಿ. ಇಲ್ಲದಿದ್ದರೆ ಎಷ್ಟು ದುಬಾರಿ ಮೌಂಟಿಂಗ್ ಹಾಕಿದರೂ ಆಯಿಲ್ ಅದನ್ನೂ ತಿನ್ನುತ್ತದೆ.

ಇನ್ನು ಬ್ರೇಕರ್. ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ 25 ಕಿ.ಮೀ. ವೇಗಕ್ಕೆ ಹಾಕುವ ದುಂಡು ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಅಂದರೆ ಒಂದು ಆಳಿಗೆ ಎರಡು ಆಳು ಉದ್ದ ಮಲಗುವಷ್ಟು ಅಗಲದ ಇಳಿಜಾರು. ನಮ್ಮ ಊರೂರ ಬ್ರೇಕರ್‌ಗಳನ್ನು ಒಮ್ಮೆ ಮೊಳ ಹಾಕಿ ನೋಡಿ. ಅಪಘಾತದ ಭಯಕ್ಕೆ ಊರವರೇ ರಾತ್ರೋರಾತ್ರಿ ಹಾಕಿಸಿದ, ಎತ್ತುಗಲ್ಲಿನಂಥ ಗಡ್ಡೆಗಳು. ಭಯ ನಿಜ, ಮಕ್ಕಳು ದಾಟುವ ರಸ್ತೆ ಅದು. ಆದರೆ ಹೊಡೆತ ನೇರ ಸ್ಟ್ರಟ್ ಮೌಂಟಿಗೆ. ಎರೆ ಭೂಮಿಯ ರಸ್ತೆ ಬೇರೆ. ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವ ಮಣ್ಣಿನ ಮೇಲೆ ಡಾಂಬರು ನೆಟ್ಟಗೆ ಉಳಿಯೋದು ಕಷ್ಟ.

ಅಂಗಡಿಯಲ್ಲಿ ಏನು ನೋಡಬೇಕು

ಗಾಡಿ ಹೆಸರು, ಇಸವಿ ಹೇಳಿ ಕೇಳಬೇಡಿ, ಆರ್‌ಸಿಯಲ್ಲಿರುವ ಚಾಸಿ ನಂಬರ್ ಕೊಡಿ. ಒಂದೇ ಹೆಸರಿನ ಗಾಡಿಯಲ್ಲಿ ಪೆಟ್ರೋಲಿಗೆ ಬೇರೆ, ಡೀಸೆಲ್‌ಗೆ ಬೇರೆ, ಆಟೋಮ್ಯಾಟಿಕ್‌ಗೆ ಬೇರೆ ಮೌಂಟಿಂಗ್ ಇರಬಹುದು. ಬೋಲ್ಟ್ ತೂತು ಹೊಂದಿದ ಮಾತ್ರಕ್ಕೆ ರಬ್ಬರ್ ಹೊಂದಿತು ಅಂತಲ್ಲ, ಹಗುರ ಇಂಜಿನ್ನಿನ ಮೌಂಟಿಂಗ್ ಮೇಲೆ ಡೀಸೆಲ್ ಇಂಜಿನ್ ಕೂರಿಸಿದರೆ ಕುಸಿಯುತ್ತದೆ.

ಪ್ಯಾಕೆಟ್ ಮೇಲೆ ತಯಾರಾದ ತಿಂಗಳು, ವರ್ಷ, ಎಂಆರ್‌ಪಿ, ತಯಾರಕರ ಹೆಸರು ವಿಳಾಸ ನೋಡಿ. 2011ರ ಪ್ಯಾಕ್ ಮಾಡಿದ ಸರಕುಗಳ ನಿಯಮಗಳ ಪ್ರಕಾರ ಇವು ಇರಲೇಬೇಕು. ರಬ್ಬರ್ ಡಬ್ಬಿಯೊಳಗೂ ಮುಪ್ಪಾಗುತ್ತದೆ, ತಗಡಿನ ಶೆಡ್ಡಿನಲ್ಲಿ ಐದಾರು ಬೇಸಿಗೆ ಕಂಡ ಮಾಲು ಬೇಡ. ಬೆರಳ ಉಗುರಿನಿಂದ ಒತ್ತಿದರೆ ಸಣ್ಣ ಬಿರುಕು ಕಂಡರೆ, ರಬ್ಬರ್ ಮತ್ತು ಲೋಹದ ನಡುವೆ ಕೂದಲೆಳೆ ಸಂದಿ ಇದ್ದರೆ ವಾಪಸ್ ಕೊಡಿ. ಗುಜರಿಯಿಂದ ಹಳೇ ಇಂಜಿನ್ ತರಬಹುದು, ಗಿಯರ್‌ಬಾಕ್ಸ್ ತರಬಹುದು, ಹಳೇ ರಬ್ಬರ್ ಮಾತ್ರ ತರಬಾರದು.

ಕಂಪನಿ ಮಾಲೇ ಬೇಕಾ? ಕಾರು ಕಂಪನಿಗಳು ಬುಶ್, ಮೌಂಟಿಂಗ್ ಬಹುಪಾಲು ತಾವೇ ಮಾಡೋದಿಲ್ಲ, ಬೇರೆ ಕಾರ್ಖಾನೆಗಳಿಂದ ಮಾಡಿಸುತ್ತವೆ. ಆ ಕಾರ್ಖಾನೆಗಳು ತಮ್ಮದೇ ಹೆಸರಿನಲ್ಲೂ ಮಾರುತ್ತವೆ. ಅಂಥದ್ದು ಸಿಕ್ಕರೆ ಕಡಿಮೆ ದುಡ್ಡಿಗೆ ಒಳ್ಳೇ ಮಾಲು. ಬೇಡವಾದದ್ದು ಹೆಸರಿಲ್ಲದ ಪ್ಲಾಸ್ಟಿಕ್ ಕವರಿನ ಬುಶ್, ಮತ್ತು ಕಂಪನಿ ಲೇಬಲ್ ಅಂಟಿಸಿದ ಡುಪ್ಲಿಕೇಟ್.

ಜಿಎಸ್‌ಟಿ ಬಿಲ್ ಕೇಳಿ. 2025ರ ಸೆಪ್ಟೆಂಬರ್ 22ರಿಂದ ವಾಹನ ಬಿಡಿಭಾಗಗಳಿಗೆಲ್ಲ ಒಂದೇ ಶೇ. 18ರ ದರ ಬಂದಿದೆ. ಹಳೇ ಸ್ಟಾಕ್ ಮೇಲೆ ಶೇ. 28ರ ಕಾಲದ ಎಂಆರ್‌ಪಿ ಇದ್ದರೆ ಹೊಸ ಬೆಲೆ ಎಷ್ಟು ಅಂತ ಕೇಳುವುದು ನಿಮ್ಮ ಹಕ್ಕು. ಬಿಲ್ ಇದ್ದರೆ ವಾರಂಟಿ ಕೇಳೋದು ಸುಲಭ, ಗ್ರಾಹಕರ ಆಯೋಗದ ಬಾಗಿಲು ತಟ್ಟೋದೂ ಸುಲಭ. 5 ಲಕ್ಷ ರೂಪಾಯಿವರೆಗಿನ ದೂರಿಗೆ ಅಲ್ಲಿ ಶುಲ್ಕವೂ ಇಲ್ಲ.

ಗಾಡಿ ಕಾಲೂರಿ ನಿಂತ ಮೇಲೆ ಬಿಗಿಯಿರಿ

ಈಗ ಉಸ್ತಾದರ ಮಾತಿಗೆ ಬರ್ತೀನಿ. ನನ್ನ ಮೊದಲ ಸಲದ ಹರಿದ ಲೋಕಲ್ ಬುಶ್ ಡಿಕ್ಕಿಯಲ್ಲೇ ಬಿದ್ದಿತ್ತು. ಜಗಳ ಮಾಡೋಕೆ ಅಂತ ಇಟ್ಟುಕೊಂಡಿದ್ದೆ. ಅವರು ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. ಒಳಗಿನ ಲೋಹದ ನಳಿಗೆಯ ಸುತ್ತ ರಬ್ಬರ್ ಒಂದೇ ದಿಕ್ಕಿಗೆ ತಿರುಚಿ ಕಿತ್ತಿತ್ತು.

"ಮಾಲ್ ಖರಾಬ್ ಇಲ್ರಿ ಸರ್. ಹಾಕಿದ್ದೇ ತಪ್ಪ್ ಅದ. ಗಾಡಿ ಜಾಕ್ ಮ್ಯಾಲ ಇದ್ದಾಗೇ ಬೋಲ್ಟ್ ಟೈಟ್ ಮಾಡ್ಯಾರ" ಅಂದರು.

ನನಗೆ ಅರ್ಥ ಆಗಲಿಲ್ಲ. ಅವರು ತಮ್ಮ ಎಡಗೈ ಮುಷ್ಟಿಯಿಂದ ಬಲಗೈ ಬೆರಳನ್ನು ಬಿಗಿಯಾಗಿ ಹಿಡಿದು ತೋರಿಸಿದರು. ಗಾಡಿ ಜಾಕ್ ಮೇಲಿದ್ದಾಗ ಚಕ್ರ ಕೆಳಗೆ ಜೋತು ಬಿದ್ದಿರುತ್ತದೆ, ಲೋವರ್ ಆರ್ಮ್ ಕೂಡ. ಆ ಸ್ಥಿತಿಯಲ್ಲಿ ಬೋಲ್ಟ್ ಬಿಗಿದರೆ ಬುಶ್‌ನ ಒಳನಳಿಗೆ ಚಾಸಿಗೆ ಕಚ್ಚಿಕೊಳ್ಳುತ್ತದೆ. ಆಮೇಲೆ ಗಾಡಿ ಇಳಿಸಿದಾಗ ಆರ್ಮ್ ಮೇಲಕ್ಕೆ ಏಳುತ್ತದೆ, ರಬ್ಬರ್ ತಿರುಚಿಕೊಳ್ಳುತ್ತದೆ. ಅಂದರೆ ಗಾಡಿ ನಿಂತಲ್ಲೇ, ಮನೆ ಮುಂದೆ, ರಾತ್ರಿಯಿಡೀ ಅದು ತಿರುಚಿಕೊಂಡೇ ಇರುತ್ತದೆ. ಅದರ ಮೇಲೆ ನಮ್ಮ ರಸ್ತೆ. ಐದು ತಿಂಗಳು ಬಾಳಿದ್ದೇ ದೊಡ್ಡದು.

ಸರಿಯಾದ ಕ್ರಮ ಇದು: ಬುಶ್ ಕೂರಿಸಿ ಬೋಲ್ಟ್ ಕೈಬಿಗಿ ಮಾಡಬೇಕು. ಗಾಡಿಯನ್ನು ಚಕ್ರದ ಮೇಲೆ ಇಳಿಸಿ, ಅಥವಾ ಆರ್ಮ್ ಕೆಳಗೆ ಇನ್ನೊಂದು ಜಾಕ್ ಕೊಟ್ಟು ನಿಂತ ಎತ್ತರಕ್ಕೆ ತಂದು, ಒಂದೆರಡು ಸಲ ಕುಲುಕಿಸಿ, ಆಮೇಲೆ ಕೊನೆಯ ಬಿಗಿ. ಹಿಂದಿನ ಆಕ್ಸಲ್ ಬುಶ್‌ಗೂ ಇದೇ ಮಾತು. ಇಂಜಿನ್ ಮೌಂಟಿಂಗ್‌ಗೂ ಇದರ ತಮ್ಮನಂಥ ನಿಯಮ ಇದೆ. ಎಲ್ಲ ಬೋಲ್ಟ್ ಸಡಿಲವಾಗಿ ಹಾಕಿ, ಇಂಜಿನ್ ತನ್ನ ಭಾರಕ್ಕೆ ತಾನೇ ಕೂರೋಕೆ ಬಿಟ್ಟು, ಆಮೇಲೆ ಒಂದೊಂದಾಗಿ ಬಿಗಿಯಬೇಕು. ಒಂದನ್ನು ಪೂರ್ತಿ ಬಿಗಿದು ಇನ್ನೊಂದನ್ನು ಸಬ್ಬಲ್ ಹಾಕಿ ಎಳೆದು ಹೊಂದಿಸಿದರೆ ಹೊಸ ರಬ್ಬರ್ ಹುಟ್ಟುತ್ತಲೇ ನೋವಿನಲ್ಲಿರುತ್ತದೆ.

ಇದಕ್ಕೆ ಹೆಚ್ಚು ದುಡ್ಡು ಬೇಡ, ಹತ್ತು ನಿಮಿಷ ಬೇಕು. ಕೆಲಸ ಮಾಡಿಸುವಾಗ ಅಲ್ಲೇ ನಿಂತು, ಗೌರವದಿಂದಲೇ, "ಉಸ್ತಾದ್, ಗಾಡಿ ಇಳಿಸಿದ ಮೇಲೆ ಫೈನಲ್ ಟೈಟ್ ಮಾಡ್ರಿ" ಅನ್ನಿ. ಬಲ್ಲವರು ಖುಷಿ ಪಡುತ್ತಾರೆ. ಇನ್ನೆರಡು ಮಾತು: ಸ್ಟ್ರಟ್ ಮೌಂಟ್ ಬದಲಿಸುವಾಗ ಸ್ಪ್ರಿಂಗ್ ಒತ್ತಿ ಹಿಡಿಯುವ ಸರಿಯಾದ ಕ್ಲ್ಯಾಂಪ್ ಇಲ್ಲದ ಗ್ಯಾರೇಜಿಗೆ ಹೋಗಬೇಡಿ, ಜಾರಿದ ಸ್ಪ್ರಿಂಗ್ ಜೀವ ತೆಗೆಯಬಲ್ಲದು. ಲೋವರ್ ಆರ್ಮ್ ಬಿಚ್ಚಿದ ಮೇಲೆ ಅಲೈನ್‌ಮೆಂಟ್ ಮಾಡಿಸದೆ ಬಿಡಬೇಡಿ.

ದುಡ್ಡು ಕಡಿಮೆ ಇದ್ದರೆ

ತೊಗರಿ ದುಡ್ಡು ಬರೋದಕ್ಕೆ ಇನ್ನೂ ಮೂರು ತಿಂಗಳಿದೆ, ಎಲ್ಲ ಒಟ್ಟಿಗೆ ಆಗಲ್ಲ ಅಂದರೆ ಸರದಿ ಹೀಗಿರಲಿ. ಮೊದಲು ಲೋವರ್ ಆರ್ಮ್ ಬುಶ್ ಮತ್ತು ಬಾಲ್ ಜಾಯಿಂಟ್. ಇದು ಜೀವದ ಪ್ರಶ್ನೆ. ಎರಡೂ ಬದಿ ಜೋಡಿಯಾಗಿ ಹಾಕಿಸಿ, ಇಲ್ಲದಿದ್ದರೆ ಗಾಡಿ ಒಂದು ಕಡೆ ಎಳೆಯುತ್ತದೆ. ಎರಡನೇದು ಸ್ಟ್ರಟ್ ಮೌಂಟ್. ಶಾಕ್ ಅಬ್ಸಾರ್ಬರ್ ಹೇಗೂ ಬದಲಿಸಬೇಕಿದ್ದರೆ ಒಟ್ಟಿಗೇ ಮಾಡಿಸಿ, ಬಿಚ್ಚುವ ಕೂಲಿ ಒಂದೇ. ಮೂರನೇದು ಇಂಜಿನ್ ಮೌಂಟಿಂಗ್.

ಇಂಜಿನ್ ಮೌಂಟಿಂಗ್‌ನಲ್ಲೂ ಕೆಳಗಿನ ಟಾರ್ಕ್ ರಾಡ್ ಮೊದಲು ನೋಡಿಸಿ. ಬಹಳ ಸಲ ಮೊದಲು ಸೋಲೋದು ಅದೇ, ಬೆಲೆಯೂ ಉಳಿದವಕ್ಕಿಂತ ಕಡಿಮೆ. ಆದರೆ ಒಂದು ಮೌಂಟಿಂಗ್ ಪೂರ್ತಿ ಹರಿದು ತಿಂಗಳುಗಟ್ಟಲೆ ಓಡಿಸಿದ್ದರೆ ಅದರ ಭಾರವನ್ನು ಉಳಿದವು ಹೊತ್ತಿರುತ್ತವೆ. ಒಂದೇ ಹೊಸದು ಹಾಕಿದರೆ ಹಳೇ ಸೋತವು ಅದನ್ನೂ ಎಳೆದು ಹಾಕುತ್ತವೆ. ಆಗ ಸೆಟ್ ಬದಲಿಸೋದೇ ಉಳಿತಾಯ. ಹೈಡ್ರಾಲಿಕ್ ಮೌಂಟಿಂಗ್ ಸೋರಿಲ್ಲ, ಕುಸಿದಿಲ್ಲ ಅಂದರೆ ಮಾತ್ರ ಅದನ್ನು ಮುಂದಿನ ವರ್ಷಕ್ಕೆ ಬಿಡಬಹುದು.

ಈ ಬಿಲ್ ಯಾರ ಹೆಸರಿಗೆ?

ಕೊನೆಗೊಂದು ಪ್ರಶ್ನೆ ಉಳಿಯುತ್ತದೆ. ನನ್ನ ಬುಶ್ ಹರಿಯೋ ರಸ್ತೆಯನ್ನು ಹಾಳು ಮಾಡಿದ್ದು ಯಾರು? ನನ್ನ ಕಾರಂತೂ ಅಲ್ಲ.

ಅಮೆರಿಕದ ಇಲಿನಾಯ್‌ನಲ್ಲಿ 1958ರಿಂದ 1960ರವರೆಗೆ ರಸ್ತೆ ಕಟ್ಟಿ, ಅದರ ಮೇಲೆ ಲಾರಿ ಓಡಿಸಿ ನಡೆಸಿದ ದೊಡ್ಡ ಪ್ರಯೋಗದಿಂದ ಒಂದು ಸೂತ್ರ ಬಂತು. ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಹೆಚ್ಚುಕಡಿಮೆ ನಾಲ್ಕನೇ ಘಾತದಷ್ಟು ಏರುತ್ತದೆ. ಭಾರ ಎರಡು ಪಟ್ಟಾದರೆ ಹಾನಿ 16 ಪಟ್ಟು. ಭಾರತದಲ್ಲಿ 2018ರ ಜುಲೈನಲ್ಲಿ ನಾಲ್ಕು ಟೈರಿನ ಒಂಟಿ ಆಕ್ಸಲ್‌ನ ಮಿತಿಯನ್ನು 10.2 ಟನ್‌ನಿಂದ 11.5 ಟನ್‌ಗೆ ಏರಿಸಿದರು. ಭಾರ ಏರಿದ್ದು ಶೇ. 13ರ ಹತ್ತಿರ, ಆ ಸೂತ್ರದ ಪ್ರಕಾರ ಹಾನಿ ಏರೋದು ಶೇ. 60. ಜನ ಕೂತ ಸಣ್ಣ ಕಾರಿನ ಒಂದು ಆಕ್ಸಲ್ ಮೇಲೆ 0.7 ಟನ್ ಅಂತ ಇಟ್ಟುಕೊಳ್ಳಿ. ಮಿತಿಯೊಳಗೇ ಇರುವ ಒಂದು ಲಾರಿ ಆಕ್ಸಲ್ ಮಾಡುವ ಹಾನಿ ಅದರ 70 ಸಾವಿರ ಪಟ್ಟಿಗೂ ಹೆಚ್ಚು. ಮಿತಿ ಮೀರಿದ ಲಾರಿಯ ಲೆಕ್ಕ ನೀವೇ ಹಾಕಿ. ಓವರ್‌ಲೋಡ್‌ಗೆ ಕಾನೂನಿನಲ್ಲಿ 20 ಸಾವಿರ ರೂಪಾಯಿ ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2 ಸಾವಿರ ಅಂತ ಇದೆ.

ಲಾರಿ ಡ್ರೈವರನ ಮೇಲೆ ಸಿಟ್ಟು ಮಾಡಿ ಉಪಯೋಗ ಇಲ್ಲ. ಅವನೂ ದುಡಿಯುವವನೇ, ಅವನ ಬೆನ್ನೂ ಅದೇ ರಸ್ತೆಯಲ್ಲಿ ಮುರೀತಾ ಇದೆ. ಈ ಸೀಮೆಯ ಸುಣ್ಣದ ಕಲ್ಲು ದೇಶದ ಮನೆ, ಸೇತುವೆ ಕಟ್ಟುತ್ತಿದೆ. ಶಹಾಬಾದ್ ಪರಸಿ ಎಷ್ಟೋ ಊರಿನ ಅಂಗಳಕ್ಕೆ ನೆಲವಾಗಿದೆ. 2015ರ ಗಣಿ ಕಾನೂನಿನ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನ ಬಂದಿದೆ. ಹಳೇ ಗಣಿ ಗುತ್ತಿಗೆಯವರು ರಾಜಧನದ ಶೇ. 30ರಷ್ಟು, ಹರಾಜಿನಲ್ಲಿ ಪಡೆದವರು ಶೇ. 10ರಷ್ಟು ಅದಕ್ಕೆ ಕಟ್ಟಬೇಕು. ಗಣಿಯಿಂದ ತೊಂದರೆಗೆ ಒಳಗಾದ ಜನರ ದುಡ್ಡು ಅದು, ರಸ್ತೆಗೂ ಬಳಸಲು ಅವಕಾಶವಿದೆ. 371(ಜೆ) ಬಂದೂ ದಶಕ ದಾಟಿದೆ. ಹಾಗಾದರೆ ನಮ್ಮ ಗ್ರಾಮಸಭೆಗಳಲ್ಲಿ "ಲಾರಿ ಓಡುವ ರಸ್ತೆಯನ್ನು ಲಾರಿಯ ಭಾರಕ್ಕೆ ತಕ್ಕಂತೆ ಕಟ್ಟಿ" ಅನ್ನೋ ಮಾತು ಯಾಕೆ ಏಳಬಾರದು? ಗ್ಯಾರೇಜಿನಲ್ಲಿ ನಾವು ಕೊಡುವ ಪ್ರತಿ ಬಿಲ್ಲೂ ರಸೀದಿ ಇಲ್ಲದ ತೆರಿಗೆ. ಅದನ್ನು ಹಣೆಬರಹ ಅಂದುಕೊಂಡು ಕೊಡುತ್ತಾ ಬಂದಿದ್ದೇವೆ.

ಅದು ಆಗೋ ತನಕ ನಮ್ಮ ಕೈಲಿರೋದು ಸರಿಯಾದ ರಬ್ಬರ್, ಸರಿಯಾದ ಬಿಗಿ. ನನ್ನ ಗಾಡಿಯ ಬಣ್ಣದ ಬುಶ್‌ಗಳನ್ನು ತೆಗೆಸಿ ಮತ್ತೆ ಕಪ್ಪು ರಬ್ಬರ್ ಹಾಕಿಸಿದೆ, ಮೌಂಟಿಂಗ್ ಸೆಟ್ ಬದಲಿಸಿದೆ. ಬೇಸಿಗೆ ಒಂದು ದಾಟಿದೆ, ಉಸ್ತಾದರು ಕೆಳಗೆ ಮಲಗಿ ಟಾರ್ಚ್ ಬಿಟ್ಟು ನೋಡಿ "ಏನೂ ಆಗಿಲ್ರಿ" ಅಂದರು. ಹೋದ ತಿಂಗಳು ದವಾಖಾನೆಗೆ ಹೊರಟಾಗ ಅವ್ವ ಬಸ್ ಸ್ಟ್ಯಾಂಡ್ ಕಡೆ ನಡೆಯದೆ ಕಾರಿನ ಬಾಗಿಲು ತೆಗೆದಳು. ಸೇಡಂ ದಾಟೋ ಹೊತ್ತಿಗೆ ನಿದ್ದೆ ಹೋಗಿದ್ದಳು.